ಅರವತ್ತೊಂದನೆಯ ಪುಟದ ಮಸಿ

ಸ್ಪರ್ಧಾ ಪ್ರಾಧಿಕಾರದ ಅಧ್ಯಕ್ಷರೇ,

ಹದಿನಾಲ್ಕು ವರ್ಷಗಳ ಹಿಂದೆ, ಮಾರ್ಚ್ ತಿಂಗಳ ಒಂದು ಮಂಗಳವಾರ, ನೀರು ಸರಬರಾಜು ನೌಕರರ ಪಿಂಚಣಿ ನಿಧಿಯ ಗುಮಾಸ್ತೆಯೊಬ್ಬರನ್ನು ನಾವು ‘ಅಪ್ರಾಮಾಣಿಕರು’ ಎಂದು ಬರೆದು ಕೆಲಸದಿಂದ ತೆಗೆದೆವು. ಅವರು ಹೇಳಿದ್ದು ನಿಜವೆಂಬುದಕ್ಕೆ ಪುರಾವೆ ಈಗ ನಿಮ್ಮ ಕಚೇರಿಯಲ್ಲಿದೆ. ಅದರ ಮೇಲೆ ನೀವು ಕಪ್ಪು ಮಸಿ ಬಳಿದಿದ್ದೀರಿ.

ನಮ್ಮ ನಿಧಿಯ ಕಚೇರಿ ಇದ್ದದ್ದು ಪಂಪ್‌ಹೌಸಿನ ಮೇಲಿನ ಕೋಣೆಯಲ್ಲಿ. ಕೆಳಗೆ ಯಂತ್ರ ಓಡುವಾಗ ಮೇಜಿನ ಮೇಲಿನ ಪೆನ್ನು ತಾನಾಗಿ ಉರುಳುತ್ತಿತ್ತು. ನಾನು ಅಲ್ಲಿ ಪಂಪ್ ಮೆಕ್ಯಾನಿಕ್. ನೌಕರರು ಆರಿಸಿದ್ದರಿಂದ ನಿಧಿಯ ಸಮಿತಿಯ ಅಧ್ಯಕ್ಷನೂ ಆಗಿದ್ದೆ. ಕೂಡಿದ ಹಣದಲ್ಲಿ ನಾವು ಸರ್ಕಾರಿ ಬಾಂಡ್ ಕೊಳ್ಳುತ್ತಿದ್ದೆವು. ಸರ್ಕಾರ ಮುಳುಗುವುದಿಲ್ಲ, ನಮ್ಮ ಮುಪ್ಪೂ ಮುಳುಗುವುದಿಲ್ಲ ಎಂಬ ಲೆಕ್ಕಾಚಾರ. ಬಾಂಡ್ ಮಾರುವವು ಬ್ಯಾಂಕುಗಳು. ಒಂದೊಂದು ಬ್ಯಾಂಕೂ ತನ್ನದೇ ಬೆಲೆ ಹೇಳುತ್ತದೆ ಎಂದು ನಂಬಿದ್ದೆವು. ಕೊಳ್ಳುವ ಮೊದಲು ಪಟ್ಟಿಯಲ್ಲಿದ್ದ ಮೂರು ಬ್ಯಾಂಕಿಗೆ ಫೋನ್ ಮಾಡಬೇಕು, ಮೂರು ದರಗಳನ್ನು ಚೀಟಿಯಲ್ಲಿ ಬರೆಯಬೇಕು, ಕಡಿಮೆ ಹೇಳಿದವರ ಹತ್ತಿರ ಕೊಳ್ಳಬೇಕು. ಈ ನಿಯಮ ನಮ್ಮ ತಲೆಯಲ್ಲಿ ಹುಟ್ಟಿದ್ದಲ್ಲ. ಸ್ಪರ್ಧಾ ಕಾಯ್ದೆ ಬಂದ ವರ್ಷ ನಿಮ್ಮ ಕಚೇರಿ ಹಂಚಿದ ಹಸಿರು ರಟ್ಟಿನ ಕಿರುಹೊತ್ತಿಗೆಯ ನಾಲ್ಕನೆಯ ಪುಟದಿಂದ ಅದನ್ನು ಅಕ್ಷರಶಃ ಇಳಿಸಿಕೊಂಡಿದ್ದೆವು. ಆ ಹೊತ್ತಿಗೆ ಇನ್ನೂ ನನ್ನ ಬಳಿ ಇದೆ. ನಿಮ್ಮ ಬಳಿ ಇದೆಯೋ ಇಲ್ಲವೋ.

ಫೋನ್ ಮಾಡುವ ಕೆಲಸ ಆ ಗುಮಾಸ್ತೆಯದು. ಇಡೀ ಪಂಪ್‌ಹೌಸ್ ಅವರನ್ನು ಫೋನಕ್ಕ ಎಂದೇ ಕರೆಯುತ್ತಿತ್ತು. ಹನ್ನೊಂದು ವರ್ಷದಲ್ಲಿ ಒಂದು ಚೀಟಿಯೂ ತಪ್ಪಿರಲಿಲ್ಲ. ಆ ವರ್ಷದ ಜನವರಿಯಲ್ಲಿ ಮೂವತ್ತೇಳು ಕೋಟಿಯ ಬಾಂಡ್ ಕೊಳ್ಳಬೇಕಿತ್ತು. ಎರಡು ಬ್ಯಾಂಕಿಗೆ ಫೋನ್ ಮಾಡಿ, ಮೂರನೆಯದಕ್ಕೆ ಮಾಡಿದಾಗ ಅವರು ಇನ್ನೂ ಮೊತ್ತವನ್ನೇ ಹೇಳಿರಲಿಲ್ಲ. ಆ ಕಡೆಯವನು ತಾನೇ ಕೇಳಿದ: “ಮೂವತ್ತೇಳು ತಾನೇ ಅಕ್ಕಾ?”

ಫೋನಕ್ಕ ಆ ದಿನ ಯಾರಿಗೂ ಏನೂ ಹೇಳಲಿಲ್ಲ. ಮುಂದಿನ ತಿಂಗಳು ಪಟ್ಟಿಯ ಮೂರೂ ಬ್ಯಾಂಕುಗಳನ್ನು ಬಿಟ್ಟು, ಪಟ್ಟಿಯಲ್ಲೇ ಇಲ್ಲದ ಒಂದು ಸಣ್ಣ ಬ್ಯಾಂಕಿಗೆ ಒಂದೇ ಒಂದು ಫೋನ್ ಮಾಡಿ ಬಾಂಡ್ ಕೊಂಡರು. ಆ ದಿನ ಪಟ್ಟಿಯ ಬ್ಯಾಂಕುಗಳು ಬೇರೆಯವರಿಗೆ ಹೇಳಿದ್ದಕ್ಕಿಂತ ಕಡಿಮೆಗೆ ಸಿಕ್ಕಿತ್ತು. ಅಗ್ಗವಾಗಿ ಸಿಕ್ಕಿದ್ದೇ ನಮಗೆ ಅನುಮಾನಕ್ಕೆ ಕಾರಣವಾಯಿತು, ಮಾನ್ಯರೇ! ಆ ಬ್ಯಾಂಕಿನವರು ಇವರಿಗೆ ಏನು ಕೊಟ್ಟಿರಬಹುದು ಎಂದು ಪಿಸುಮಾತು ಶುರುವಾಯಿತು. ಸಮಿತಿ ವಿಚಾರಣೆಗೆ ಕೂತಿತು. ನಿಯಮ ಗೊತ್ತಿರಲಿಲ್ಲವೇ ಎಂದು ನಾನೇ ಕೇಳಿದೆ.

“ಗೊತ್ತಿತ್ತಣ್ಣಾ. ಮೂರು ಜನಕ್ಕೆ ಫೋನ್ ಮಾಡಿದ್ರೂ ಒಬ್ಬನ ಹತ್ರಾನೇ ಮಾತಾಡಿದ ಹಾಗಿತ್ತು.”

“ಹಾಗಾದ್ರೆ ಫೋನ್ ಬಿಲ್ಲಾದ್ರೂ ಉಳೀತು ಬಿಡಿ,” ಎಂದ ನಮ್ಮ ಸ್ಟೋರ್‌ಕೀಪರ್. ಎಲ್ಲರೂ ನಕ್ಕರು. ನಾನೂ ನಕ್ಕೆ.

ಜನವರಿಯ ಆ ಮಾತನ್ನು ಅವರು ಆಮೇಲೆ ಹೇಳಿದರು. ನಾವು ಮೂರನೆಯ ಬ್ಯಾಂಕಿಗೆ ಬರೆದು ಕೇಳಿದೆವು. ಎರಡೇ ದಿನದಲ್ಲಿ ಅಚ್ಚುಕಟ್ಟಾದ ಉತ್ತರ ಬಂತು: ಅಂಥ ಮಾತು ನಡೆದೇ ಇಲ್ಲ, ನಮ್ಮ ದರಗಳು ಸಂಪೂರ್ಣ ಸ್ವತಂತ್ರ, ಆರೋಪದಿಂದ ನಮಗೆ ನೋವಾಗಿದೆ. ಬ್ಯಾಂಕಿನ ನೋವಿಗೆ ನಾವು ಕರಗಿದೆವು. ನಿಯಮ ಮುರಿದದ್ದಲ್ಲದೆ ಸುಳ್ಳು ಕಥೆ ಕಟ್ಟಿದರೆಂದು ಫೋನಕ್ಕನ ಸೇವಾ ಪುಸ್ತಕದಲ್ಲಿ ‘ಅಪ್ರಾಮಾಣಿಕರು’ ಎಂದು ಬರೆದೆವು. ಆ ಒಂದು ಪದದಿಂದಾಗಿ, ಮುಂದೆ ಹಣಕಾಸು ಮುಟ್ಟುವ ಯಾವ ಕಚೇರಿಯೂ ಅವರನ್ನು ಒಳಗೆ ಬಿಟ್ಟುಕೊಳ್ಳಲಿಲ್ಲ. ಒಂದು ಲಾಂಡ್ರಿಯಲ್ಲಿ ಬಟ್ಟೆಗೆ ನಂಬರು ಪಟ್ಟಿ ಹೊಲಿಯುತ್ತಾ ದಿನ ದೂಡಿದರು.

ಹೋದ ತಿಂಗಳು ನಿಮ್ಮ ಆದೇಶ ಹೊರಬಿತ್ತು. ಅದೇ ಮೂರು ಬ್ಯಾಂಕುಗಳ ಬಾಂಡ್ ವ್ಯಾಪಾರಿಗಳು ಕಂಪ್ಯೂಟರಿನ ಒಂದು ಹರಟೆಕೋಣೆಯಲ್ಲಿ ಆರು ವರ್ಷ ಕೂಡಿ ಕೂತಿದ್ದರಂತೆ. ಯಾವ ಗ್ರಾಹಕ ಎಷ್ಟು ಕೇಳಿದ, ಈ ಸಲ ಯಾರು ಕಡಿಮೆ ಹೇಳಬೇಕು, ಎಲ್ಲವನ್ನೂ ಅಲ್ಲೇ ತೀರ್ಮಾನಿಸುತ್ತಿದ್ದರಂತೆ. ನಮ್ಮ ಮೂರು ಫೋನುಗಳು ನಮ್ಮನ್ನು ಕಾಯಲಿಲ್ಲ; ಅವರಿಗೆ ಸುದ್ದಿ ಮುಟ್ಟಿಸಿದವು. ಅರವತ್ತೊಂದನೆಯ ಪುಟದಲ್ಲಿ ಅವರ ಹರಟೆಯ ಒಂದು ಸಾಲು ಅಚ್ಚಾಗಿದೆ: “ಅಕ್ಕ ಈಗ ನಿಂಗೆ ಮಾಡ್ತಾಳೆ. ಮೂವತ್ತೇಳು. ಈ ಸಲ ನಿಂದು, ನಾವು ಜಾಸ್ತಿ ರೇಟ್ ಹೇಳಿದ್ದೀವಿ.” ಅದರ ಮೊದಲು ಮಸಿಯ ಎರಡು ಪಟ್ಟೆಗಳು. ಒಂದರ ಅಡಿ ಮುಚ್ಚಿಹೋಗಿರುವುದು ದಿನಾಂಕ, ಇನ್ನೊಂದರ ಅಡಿ ಗ್ರಾಹಕರ ಹೆಸರು.

ಮೊದಲು ತಪ್ಪೊಪ್ಪಿಕೊಂಡ ಬ್ಯಾಂಕಿಗೆ ನೀವು ಪೂರ್ತಿ ದಂಡ ಮನ್ನಾ ಮಾಡಿದ್ದೀರಿ. ಅದು, ನಮಗೆ ನೋವು ತೋಡಿಕೊಂಡು ಪತ್ರ ಬರೆದ ಅದೇ ಮೂರನೆಯ ಬ್ಯಾಂಕು. ಮೊದಲು ಸತ್ಯ ಹೇಳಿದವರಿಗೆ ರಿಯಾಯಿತಿ ಎನ್ನುವುದು ಕಾಯ್ದೆಯ ಮಾತು, ಒಪ್ಪುತ್ತೇನೆ. ಆದರೆ ಆ ಬ್ಯಾಂಕು ಐದು ವರ್ಷದ ಹಿಂದೆ ನಿಮ್ಮೆದುರು ಬಾಯಿ ಬಿಡುವುದಕ್ಕೆ ಒಂಬತ್ತು ವರ್ಷ ಮೊದಲೇ ಪಂಪ್‌ಹೌಸಿನ ಮೇಲಿನ ಕೋಣೆಯಲ್ಲಿ ನಿಂತು ಒಬ್ಬರು ಸತ್ಯ ಹೇಳಿದ್ದರಲ್ಲ? ಅವರಿಗೆ ಯಾವ ಕಲಮಿನಲ್ಲಿ ಯಾವ ರಿಯಾಯಿತಿ?

ಆದೇಶ ಹಿಡಿದು ನಾನು ಫೋನಕ್ಕನ ಮನೆಗೆ ಹೋದೆ. ಎರಡನೆಯ ಹೃದಯಾಘಾತದ ನಂತರ ಅವರು ಹಾಸಿಗೆ ಬಿಟ್ಟು ಏಳುವುದು ಕಡಿಮೆ. ಕನ್ನಡಕ ಹಾಕಿಕೊಂಡು ಆ ಸಾಲನ್ನು ಎರಡು ಸಲ ಓದಿದರು. ತಪ್ಪಾಯಿತು ಎಂದು ಹೇಳಲು ನಾನು ದಾರಿಯುದ್ದಕ್ಕೂ ಜೋಡಿಸಿಕೊಂಡು ಹೋಗಿದ್ದ ಮಾತುಗಳನ್ನು ಅವರು ಅರ್ಧಕ್ಕೇ ತಡೆದರು.

“ಬಾಯಲ್ಲಿ ಬೇಡಣ್ಣಾ. ಅವತ್ತು ಬರೆದು ತೆಗೆದ್ರಿ, ಇವತ್ತೂ ಬರೆದೇ ಕೊಡಿಸಿ.”

ಈಗಿನ ಸಮಿತಿಯ ಹತ್ತಿರ ಹೋದೆ. ಮೂವತ್ತೇಳು ಕೋಟಿ ಯಾರದ್ದಾದರೂ ಇರಬಹುದು, ಅಕ್ಕಂದಿರು ಊರ ತುಂಬ ಇದ್ದಾರೆ, ದಿನಾಂಕವೂ ಹೆಸರೂ ಇಲ್ಲದೆ ಸೇವಾ ಪುಸ್ತಕದ ಆ ಪದ ಹೊಡೆದುಹಾಕಲು ಆಗದು ಎಂದರು. ನಿಮ್ಮ ಕಚೇರಿಗೆ ಬರೆದೆ. ಅವು ಬ್ಯಾಂಕಿನ ವ್ಯಾಪಾರ ರಹಸ್ಯ, ಬಹಿರಂಗಪಡಿಸಿದರೆ ಮುಂದೆ ಯಾರೂ ತಪ್ಪೊಪ್ಪಿಕೊಳ್ಳಲು ಬರುವುದಿಲ್ಲ ಎಂದು ಉತ್ತರ ಬಂತು. ಆ ಪಟ್ಟೆಯ ಅಡಿಯಲ್ಲಿರುವುದು ನಮ್ಮ ಹೆಸರು, ಮಾನ್ಯರೇ. ನಮ್ಮ ಹೆಸರು ನಮಗೆ ತಿಳಿಯಬಾರದ ರಹಸ್ಯವಾದದ್ದು ಎಂದಿನಿಂದ? ಹದಿನಾಲ್ಕು ವರ್ಷ ಹಳೆಯ ಒಂದು ದಿನಾಂಕದಿಂದ ಇವತ್ತು ಯಾವ ಬ್ಯಾಂಕಿನ ಯಾವ ವ್ಯಾಪಾರ ಕೆಡುತ್ತದೆ?

ಬರುವ ತಿಂಗಳ ಕೊನೆಗೆ ನಮ್ಮ ನಿಧಿ ದೊಡ್ಡ ನಿಧಿಯೊಂದರಲ್ಲಿ ವಿಲೀನವಾಗುತ್ತದೆ. ಅಂದು ಹಳೆಯ ಸೇವಾ ಪುಸ್ತಕಗಳಿಗೆ ಮೊಹರು ಬೀಳುತ್ತದೆ. ಆಮೇಲೆ ತಿದ್ದುಪಡಿ ಇಲ್ಲ. ಫೋನಕ್ಕ ಅಲ್ಲಿಯವರೆಗೆ ಇರುತ್ತಾರೋ ಇಲ್ಲವೋ ವೈದ್ಯರೇ ಹೇಳುತ್ತಿಲ್ಲ.

ದಂಡದಲ್ಲಿ ಪಾಲು ಕೇಳುತ್ತಿಲ್ಲ, ಪರಿಹಾರ ಕೇಳುತ್ತಿಲ್ಲ. ಅರವತ್ತೊಂದನೆಯ ಪುಟದ ಆ ಎರಡು ಪಟ್ಟೆಗಳನ್ನು ತೆಗೆಯಿರಿ. ತೆಗೆಯುವುದಿಲ್ಲವಾದರೆ, ಈ ಪತ್ರ ಅಚ್ಚಾದ ಪತ್ರಿಕೆಯಲ್ಲೇ, ಹದಿನೈದು ದಿನದೊಳಗೆ, ನಿಮ್ಮ ಸಹಿಯೊಂದಿಗೆ ಒಂದೇ ಪ್ರಶ್ನೆಗೆ ಉತ್ತರಿಸಿ: ಆ ವರ್ಷದ ಜನವರಿಯಲ್ಲಿ ಆ ಹೆಂಗಸು ಹೇಳಿದ್ದು ಸುಳ್ಳೇ, ನಿಜವೇ?

ಇಂತಿ,
ಆ ವಜಾ ಆದೇಶಕ್ಕೆ ಮೊದಲ ಸಹಿ ಹಾಕಿದ ನಿವೃತ್ತ ಪಂಪ್ ಮೆಕ್ಯಾನಿಕ್