ನೆಲದ ಸಮಕ್ಕೆ ಹೊಸ್ಲು

ಅಪ್ಪ, ಈ ವಾಯ್ಸ್ ನೋಟು ನಿನಗೆ ಮುಟ್ಟಲ್ಲ ಅಂತ ಗೊತ್ತು. ಆದ್ರೂ ಹೇಳ್ಬೇಕು ಅನ್ನಿಸ್ತು. ನಮ್ ಮನೆ ಕೆಳಗಿನ ಕಾರ್ ಶೆಡ್ಡನ್ನ ಅಮ್ಮನಿಗೆ ರೂಮ್ ಮಾಡ್ದೆ. ಅವಳಿಗೀಗ ಮೆಟ್ಲು ಆಗಲ್ಲ, ವೀಲ್‌ಚೇರೇ ಗತಿ. ಮೇಸ್ತ್ರಿ ಇಟ್ಕೊಳ್ಳೋ ಶಕ್ತಿ ಇರ್ಲಿಲ್ಲ. ಭಾನುವಾರ ಭಾನುವಾರ ನಾನೇ ಕೂತು ಟೈಲ್ಸ್ ಹಾಕ್ದೆ, ಪೇಂಟ್ ಹೊಡ್ದೆ. ಷಟರ್ ಕಿತ್ತು, ಹಳೇ ಬಾಗ್ಲು, ಕಿಟಕಿ ತಂದು ನಿಲ್ಸಿದೆ.

ಮೊನ್ನೆ ಅವಳನ್ನ ಎತ್ಕೊಂಡು ಕೆಳಗಿಳಿಸಿ ತೋರ್ಸಿದ್ರೆ, ಬಾಗ್ಲಲ್ಲೇ ತಡೆದ್ಲು.

"ಹೊಸ್ಲೇ ಇಲ್ವಲ್ಲೋ ಮುನಿರಾಜ. ಇದೇನ್ ಮನೇನಾ, ಗೋಡೌನಾ?"

"ಹೊಸ್ಲಿಟ್ರೆ ನಿನ್ ಗಾಡಿ ಹತ್ತಲ್ಲಮ್ಮ."

"ಹಂಗಾದ್ರೆ ನಾನೂ ಬರಲ್ಲ, ನನ್ ಗಾಡೀನೂ ಬರಲ್ಲ."

ತಿಲಕ್ ನಗರದ ಗುಜರಿ ಅಂಗಡಿಗೆ ಹೋಗಿ ಒಂದು ಹಳೇ ಮರದ ಪಟ್ಟಿ ತಂದೆ. ಹಾಕಿದ್ದ ಟೈಲ್ಸನ್ನೇ ಒಡ್ದು, ಅದನ್ನ ನೆಲದ ಸಮಕ್ಕೆ ಕೂರ್ಸಿದೆ. ಅವಳಿಗೆ ಬಗ್ಗಕ್ಕಾಗಲ್ಲ ಅಂತ ಇವತ್ತು ಬೆಳಗ್ಗೆ ನಾನೇ ಅರಿಶಿನ ಬಳ್ದು ಕುಂಕುಮ ಇಟ್ಟೆ. ಅವಳು ಕುರ್ಚೀಲಿ ಕೂತು, "ಆ ತುದೀಗೂ ಬಳಿಯೋ, ಜಿಪುಣ" ಅಂತಿದ್ಲು.

ಒಳಗೆ ಬಂದು ಕಿಟಕಿ ಪಕ್ಕ ಕೂತ್ಕೊಂಡ್ಲು. ಬೀದೀಲಿ ಹೋಗೋರನ್ನೆಲ್ಲ ಕರೆದು ಮಾತಾಡ್ಸಿದ್ಲು. ಆಮೇಲೆ ಮೆಲ್ಲಗೆ, "ಕೊನೇ ವರ್ಷ ನಿಮ್ಮಪ್ಪನೂ ಕೆಳಗೆ ಮಂಚ ಹಾಕ್ಕೊಡೋ ಅಂತ ಕೇಳ್ತಿದ್ರಲ್ಲ" ಅಂದ್ಲು. ನಾನು ಕೈಗಂಟಿದ್ದ ಅರಿಶಿನ ತೊಳ್ಕೊಳ್ತಿದ್ದೆ. ತೊಳ್ಕೊಳ್ತಾನೇ ಇದ್ದೆ.

"ಕಾರ್ ಎಲ್ಲಿ ನಿಲ್ಸಿದೀಯೋ?"

"ರೋಡಲ್ಲಮ್ಮ."

"ಮಳೇಲಿ ಹಾಳಾಗಲ್ವಾ?"

ಆವಾಗ ನಿನಗೆ ನಾನು ಹೇಳಿದ್ದೂ ಇದೇ ಮಾತು. ಈ ಮಳೆಗಾಲ ಪೂರ್ತಿ ಹೊರಗೇ ನಿಂತಿತ್ತಪ್ಪ. ಏನೂ ಆಗಿಲ್ಲ ಅದಕ್ಕೆ.