ಹಿಡಿತ ಬಿಡದ ಆಟ

ಗದಗ
ಇಸವಿ ಎರಡು ಸಾವಿರದ ಇನ್ನೂರ ಹತ್ತೊಂಬತ್ತು, ಎರಡನೆಯ ಬೇಸಿಗೆ

ಮಾನ್ಯರೇ,

ನೀವು ನನ್ನನ್ನು ಬಲ್ಲವರಲ್ಲ. ನಿಮ್ಮ ಕಾಲಕ್ಕೆ ನಾನಿನ್ನೂ ಹುಟ್ಟಿಯೇ ಇಲ್ಲ. ನನ್ನ ಕಾಲಕ್ಕೆ ನೀವು ತೀರಿಹೋಗಿ ಎಷ್ಟೋ ತಲೆಮಾರುಗಳಾದವು. ಮೇಲಿನ ತಾರೀಖನ್ನು ಕಂಡು ನಗಬೇಡಿ. ನಮ್ಮಲ್ಲಿ ವರ್ಷಕ್ಕೆ ಎರಡು ಬೇಸಿಗೆ, ನಡುವೆ ಬಂದದ್ದೂ ಹೋದದ್ದೂ ತಿಳಿಯದಂಥ ಮಳೆಗಾಲ. ತಿಂಗಳುಗಳ ಹೆಸರನ್ನು ಜಾತಕ ಬರೆಯುವವರು ಬಿಟ್ಟರೆ ಯಾರೂ ಬಳಸುವುದಿಲ್ಲ. ನಿಮ್ಮ ಬರಹದ ಕನ್ನಡವನ್ನು ಹಳೆಯ ಪತ್ರಿಕೆಗಳನ್ನು ಓದಿ ಕಲಿತವಳು ನಾನು. ಎಲ್ಲಾದರೂ ಮಾತು ಸೊಟ್ಟಗೆ ಕಂಡರೆ, ಕೇಳರಿಯದ ಪದ ಅಡ್ಡ ಬಂದರೆ, ಸಹಿಸಿಕೊಂಡು ಮುಂದೆ ಓದಬೇಕು.

ನಿಮಗೇ ಯಾಕೆ ಬರೆಯುತ್ತಿದ್ದೇನೆ ಎಂದು ಕೇಳುವಿರಿ. ನಿಮ್ಮ ಕಾಲದಲ್ಲಿ ಯಾವುದೋ ಕ್ರಿಕೆಟ್ ವಿಡಿಯೋ ಗೇಮಿನ ಬಿಡುಗಡೆ ಮತ್ತೊಮ್ಮೆ ಮುಂದಕ್ಕೆ ಹೋಯಿತೆಂಬ ಪ್ರಕಟಣೆಯ ಕೆಳಗೆ ನಿಮ್ಮಂಥ ಬಳಕೆದಾರರು ಬರೆದ ಸಾಲುಗಳು ನಮ್ಮ ಸಂಗ್ರಹಾಲಯದಲ್ಲಿ ಉಳಿದಿವೆ. ಮೊದಲು ಬೇಸರ, ಆಮೇಲೆ ಗೇಲಿ, ಆಮೇಲೆ ಬೈಗುಳ. ಕೊನೆಗೆ ನೀವು, ಹೆಸರು ಮರೆಮಾಡಿಕೊಂಡ ನೀವು, ಆಟ ಮಾಡುವವರ ಮನೆ ಹುಡುಕಿಕೊಂಡು ಹೋಗೋಣ ಬನ್ನಿ ಎಂದು ಬರೆದಿದ್ದೀರಿ. ತಮಾಷೆಗೆ ಬರೆದಿರಬಹುದು. ಆದರೆ ನನಗೆ ಅದು ತಮಾಷೆಯಾಗಿ ಕಾಣಲಿಲ್ಲ. ಹಾಗೆ ಹುಡುಕಿಕೊಂಡು ಬಂದವರು ಬಾಗಿಲು ಬಡಿದಾಗ ಒಳಗೆ ಇದ್ದವಳು ನಾನು.

ನನ್ನ ಹೆಸರು ಸಂಗವ್ವ ಹಡಗಲಿ. ಗದಗಿನ ಒರೆಮನೆಯಲ್ಲಿ ಜನರ ದೂರು ಕೇಳುವುದು ನನ್ನ ಕೆಲಸ. ಒರೆಮನೆ ಎಂದರೆ ಹೊಸ ಆಟವನ್ನು ಜನರ ಕೈಗೆ ಕೊಡುವ ಮೊದಲು ಆಡಿ ಪರೀಕ್ಷಿಸುವ ಕಟ್ಟಡ. ನಿಮ್ಮ ಹಾಗೆ ನಾವು ಆಟವನ್ನು ಪರದೆಯ ಮೇಲೆ ನೋಡಿ ಬೆರಳಿನಿಂದ ಆಡುವುದಿಲ್ಲ. ತೊಡುಪು ಎಂಬುದೊಂದಿದೆ, ಕುತ್ತಿಗೆಯಿಂದ ಹಿಮ್ಮಡಿಯವರೆಗೆ ಮೈಗಂಟುವ ಅಂಗಿ. ಅದನ್ನು ತೊಟ್ಟು ಕಣ್ಣಿಗೆ ಪಟ್ಟಿ ಕಟ್ಟಿಕೊಂಡರೆ ಮೈದಾನ ಕಾಣುತ್ತದೆ, ಅಂಗಾಲಿಗೆ ಮಣ್ಣು ತಗಲುತ್ತದೆ, ಎದುರಾಳಿ ಕಾಲು ಹಿಡಿದರೆ ಹಿಡಿದದ್ದು ತಿಳಿಯುತ್ತದೆ. ನಿಜವಾದ ಮೈದಾನಗಳನ್ನು ನನ್ನ ಅಜ್ಜಿಯ ಕಾಲದಲ್ಲೇ ಮುಚ್ಚಿದರು. ಬೆಳಗಿನ ತಂಪೊತ್ತು ಕಳೆದ ಕೂಡಲೇ ಊರಿನ ಕಂಬಗಳಿಂದ ಬಿಸಿಲಕೂಗು ಏಳುತ್ತದೆ. ಅದು ಕೇಳಿದ ಮೇಲೆ ಹೊರಗೆ ನಿಂತವರು ಬದುಕುವುದು ಕಷ್ಟ. ಹಾಲಿನವರು, ಕಸದವರು, ಶಾಲೆಯ ಮಕ್ಕಳು, ಎಲ್ಲರೂ ಆ ಕೂಗಿಗೆ ಮುಂಚೆ ಒಳಗೆ ಸೇರಿ ಬಾಗಿಲು ಹಾಕಿಕೊಳ್ಳುತ್ತಾರೆ. ಹಾಗೆ ಹಗಲೆಲ್ಲ ಗೋಡೆಗಳ ನಡುವೆ ಬದುಕುವ ನಮಗೆ ಓಡುವುದು, ಬೀಳುವುದು, ಇನ್ನೊಬ್ಬರ ಕೈ ಮೈಗೆ ತಾಗುವುದು ಎಲ್ಲವೂ ತೊಡುಪಿನೊಳಗೇ. ನಮ್ಮ ಕಡೆ ಎಲ್ಲಕ್ಕಿಂತ ಪ್ರೀತಿಯ ಆಟ ಕಬಡ್ಡಿ. ಬೆಟಗೇರಿಯ ಓಣಿಗೊಂದು ತಂಡವಿದೆ. ಸಂಬಂಧ ಬೆಳೆಸುವಾಗಲೂ ವರ ಯಾವ ತಂಡದವನೆಂದು ಕೇಳುತ್ತಾರೆ.

ಒರೆಮನೆ ನಡೆಸುವ ಕಂಪನಿ ಎರಡು ವರ್ಷಕ್ಕೊಮ್ಮೆ ಹೊಸ ಕಬಡ್ಡಿ ತರುತ್ತಿತ್ತು. ಆ ಸಲ ಹೊಸದು ಬರುವ ಮೊದಲೇ ಹಳೆಯದನ್ನು ಮುಚ್ಚಿಬಿಟ್ಟಿತು. ಹೊಸ ತೊಡುಪುಗಳನ್ನು ಮನೆಮನೆಗೆ ಮೊದಲೇ ಹಂಚಿತು; ಆಟ ಬಿಡುವವರೆಗೆ ಅವು ಬರಿಯ ಬಟ್ಟೆ. ಹೊಸದು ಬೇಸಿಗೆಯ ಮೊದಲಿಗೆ ಬರುತ್ತದೆ ಎಂದಿತು, ಬರಲಿಲ್ಲ. ಮಳೆಗೆ ಎಂದಿತು, ಮಳೆಯೂ ಹೋಯಿತು. ಪ್ರತಿ ಸಲವೂ ನನ್ನ ಬಾಯಿಂದ ಹೇಳಿಸುತ್ತಿದ್ದದ್ದು ಒಂದೇ ವಾಕ್ಯ: ನಿಮಗೆ ಇನ್ನೂ ಉತ್ತಮ ಅನುಭವ ಕೊಡಲು ಸ್ವಲ್ಪ ಸಮಯ ಬೇಕಾಗಿದೆ. ಅದಕ್ಕಿಂತ ಹೆಚ್ಚಿನದು ನನಗೂ ತಿಳಿದಿರಲಿಲ್ಲ. ಕೇಳಿದರೆ ಮೇಲಿನವರು ಮಾತು ಮರೆಸುತ್ತಿದ್ದರು. ಜನರ ಸಿಟ್ಟು ಸುಳ್ಳು ಸಿಟ್ಟಲ್ಲ ಎಂಬುದನ್ನು ನೀವು ತಿಳಿಯಬೇಕು. ಹಳೆಯ ಆಟವೂ ಇಲ್ಲ, ಹೊಸದೂ ಇಲ್ಲ. ತಂಡಗಳು ಒಡೆದವು. ಮೊದಲೆಲ್ಲ ಯಾವಾಗ ಬರುತ್ತದೆ ಎಂದು ಕೇಳುತ್ತಿದ್ದವರು ಆಮೇಲೆ ಯಾರು ತಡೆಯುತ್ತಿದ್ದಾರೆ ಎಂದು ಕೇಳತೊಡಗಿದರು. ಆ ಪ್ರಶ್ನೆ ಬದಲಾದಾಗಲೇ ನನಗೆ ಅಂಜಿಕೆ ಹತ್ತಿತು.

ತಡೆಯುತ್ತಿದ್ದವಳು ಜುಬೇದಾ ನದಾಫ. ಉಸಿರಾಟದ ವೈದ್ಯವಿದ್ಯೆ ಓದಿದವಳು, ನನಗಿಂತ ಚಿಕ್ಕವಳು, ಮಾತು ಕಡಿಮೆ. ಹೊಸ ತೊಡುಪನ್ನು ಮೊದಲು ತೊಟ್ಟು ಆಡಿ, ಆಗಿದೆ ಅಥವಾ ಆಗಿಲ್ಲ ಎಂದು ಹೇಳುವುದು ಅವಳ ಕೆಲಸ. ಪ್ರತಿ ಸಲವೂ ಅವಳು ಆಗಿಲ್ಲ ಎಂದಿದ್ದಳು. ಕಾರಣವನ್ನು ಹೊರಗೆ ಬಿಡಬಾರದೆಂದು ಅವಳಿಂದ ಮಾತು ತೆಗೆದುಕೊಂಡಿದ್ದರು. ಆ ದಿನಗಳಲ್ಲಿ ಅವಳು ಕುರ್ಚಿಯಿಂದ ಏಳುವಾಗ ಪಕ್ಕೆ ಹಿಡಿದುಕೊಂಡು ಏಳುತ್ತಿದ್ದದ್ದನ್ನು ಕಂಡು, ಆಡಿ ದಣಿದಿರಬೇಕೆಂದು ನಾನು ಅಂದುಕೊಂಡಿದ್ದೆ. ಅವಳ ಹೆಸರು ಹೇಗೆ ಹೊರಬಿತ್ತೋ ಯಾರಿಗೂ ಗೊತ್ತಾಗಲಿಲ್ಲ. ಬಿದ್ದ ಮರುದಿನವೇ ಅವಳ ಮುಖ, ಓಣಿ, ಅವಳ ತಾಯಿ ಸಂತೆಗೆ ಹೋಗುವ ಹೊತ್ತು ಎಲ್ಲವೂ ಊರಿಗೆಲ್ಲ ಗೊತ್ತಾಗಿತ್ತು.

ಅದರ ಬೆನ್ನಲ್ಲೇ ಒಂದು ಬೆಳಿಗ್ಗೆ ಅವರು ಬಂದರು. ತಂಪೊತ್ತಿನಲ್ಲಿ ನಾನು ಒರೆಮನೆಯ ಬಾಗಿಲು ತೆರೆದು ಒಳಗೆ ಬಂದಿದ್ದೆ, ನನ್ನ ಹಿಂದೆಯೇ ಜುಬೇದಾ ಓಡುತ್ತ ಬಂದು ಚಿಲಕ ಹಾಕಿದಳು. ಕಿಟಕಿಯ ಸಂದಿನಿಂದ ನೋಡಿದೆ. ರಸ್ತೆ ತುಂಬ ಜನ. ನಮ್ಮ ಮನೆಗೆ ಎಣ್ಣೆ ತಂದುಕೊಡುವ ಗಾಣಿಗರ ಮಗನಿದ್ದ, ನನ್ನ ಮಗಳಿಗೆ ಲೆಕ್ಕ ಕಲಿಸಿದ ಮಾಸ್ತರರಿದ್ದರು. ಗುರುತಿನ ಮುಖಗಳೇ. ಆದರೆ ಯಾರೂ ನನ್ನ ಗುರುತಿನವರ ಹಾಗೆ ಕಾಣಲಿಲ್ಲ. ಎಲ್ಲರ ಮುಂದೆ ನಿಂತಿದ್ದವರು ಬಸಲಿಂಗಪ್ಪ ಕುರ್ತಕೋಟಿ. ಎಲ್ಲರೂ ಅವರನ್ನು ಕಾಕಾ ಎನ್ನುತ್ತಿದ್ದರು. ಬೆಟಗೇರಿಯ ತಂಡಗಳಲ್ಲಿ ಅವರಷ್ಟು ಉದ್ದ ದಮ್ಮು ಹಿಡಿದು ಆಡಿದವರು ಇನ್ನೊಬ್ಬರಿಲ್ಲ. ಮೊಣಕಾಲು ಹೋದ ಮೇಲೂ ತೊಡುಪು ಕಾಲಿಗೆ ಕೊಡುವ ಆಸರೆಯಿಂದ ಅವರು ಹರೆಯದವರ ಹಾಗೆ ಓಡುತ್ತಿದ್ದರು. ಅವಳನ್ನು ಹೊರಗೆ ಕಳಿಸಿ ಎಂದು ಅವರು ಕೂಗಲಿಲ್ಲ. ಬಾಗಿಲನ್ನು ಅಂಗೈಯಿಂದ ಒಂದೇ ಸಮನೆ ಬಡಿಯುತ್ತಿದ್ದರು. ಕೂಗಿದ್ದರೆ ನನಗೆ ಅಷ್ಟು ಹೆದರಿಕೆ ಆಗುತ್ತಿರಲಿಲ್ಲವೇನೋ.

ಮುಂಗೈಗೆ ಕಟ್ಟುವ ಸುದ್ದಿಪಟ್ಟಿಯಿಂದ ಪೊಲೀಸರಿಗೆ ಹೇಳಿದೆವು. ಬಿಸಿಲು ಇಳಿದ ಮೇಲೆ ಬರುತ್ತೇವೆ ಎಂದರು. ಮೇಲಿನವರಿಗೆ ತಿಳಿಸಿದೆವು, ಏನೇ ಆದರೂ ಬಾಗಿಲು ತೆರೆಯಬೇಡಿ ಎಂದರು. ಅಷ್ಟರಲ್ಲಿ ಬಿಸಿಲಕೂಗು ಎದ್ದಿತು. ಇನ್ನು ಹೋಗುತ್ತಾರೆ ಎಂದು ನಾನು ಉಸಿರು ಬಿಟ್ಟೆ. ಅವರು ಹೋಗಲಿಲ್ಲ. ಕೂಗು ನಿಂತಿತು, ನೆರಳು ಸರಿಯಿತು, ಅವರು ನಿಂತೇ ಇದ್ದರು. ಒಬ್ಬಳು ಹೆಂಗಸು ಕುಸಿದು ಕುಳಿತಳು; ಪಕ್ಕದವರು ಅವಳತ್ತ ತಿರುಗಿ ಸಹ ನೋಡಲಿಲ್ಲ. ಮನುಷ್ಯರು ಒಂದು ಆಟಕ್ಕಾಗಿ ಬಿಸಿಲಿನಲ್ಲಿ ನಿಂತು ಬೇಯುವುದನ್ನು ನಾನು ಅದಕ್ಕೆ ಮುಂಚೆ ಕಂಡಿರಲಿಲ್ಲ. ಇಷ್ಟಕ್ಕೂ ಹೆದರದವರು ಇನ್ನು ಯಾವುದಕ್ಕೆ ಹೆದರಿಯಾರು ಎಂದುಕೊಂಡೆ.

ಜುಬೇದಾ ಚಿಲಕಕ್ಕೆ ಕೈ ಹಾಕಿದಳು. ನಾನು ಅವಳ ರಟ್ಟೆ ಹಿಡಿದೆ. ನಿನ್ನನ್ನು ಕೊಂದುಹಾಕುತ್ತಾರೆ ಎಂದೆ.

"ಹೊರಗ ನಿಂತ್ರ ಅವ್ರ ಸಾಯ್ತಾರ, ಸಂಗಕ್ಕಾ," ಎಂದಳು. "ಕೈ ಬಿಡ್ರಿ."

ಬಾಗಿಲು ತೆರೆದಾಗ ಬೆಂಕಿಯ ಬಾಯಿ ತೆರೆದ ಹಾಗೆ ಗಾಳಿ ನುಗ್ಗಿತು, ಅದರ ಹಿಂದೆ ಅವರು. ಯಾರೋ ಅವಳ ಕೆನ್ನೆಗೆ ಹೊಡೆದರು. ಇನ್ನೊಬ್ಬರು ಜಡೆ ಹಿಡಿದೆಳೆದರು. ಆದರೆ ಒಳಗಿನ ತಂಪು ತಾಗಿದ ಕೂಡಲೇ ಅವರ ಕಾಲ ಬಲವೇ ಉಡುಗಿಹೋಯಿತು; ಒಬ್ಬೊಬ್ಬರೇ ಗೋಡೆಗೆ ಒರಗಿ ಕುಳಿತರು. ಜುಬೇದಾ ಕುಸಿದಿದ್ದ ಹೆಂಗಸನ್ನು ಒಳಗೆ ಎಳೆದುಕೊಂಡು ಬಂದು, ತುಟಿಯ ರಕ್ತ ಒರೆಸಿಕೊಂಡು, ಎಲ್ಲರಿಗೂ ಉಪ್ಪು ಸಕ್ಕರೆ ಬೆರೆಸಿದ ನೀರು ಕೊಟ್ಟಳು. ನಾನು ಲೋಟ ಹಂಚಿದೆ.

ನೀರು ಕುಡಿದ ಮೇಲೆ ಬಸಲಿಂಗಪ್ಪ ಕಾಕಾ ಅವಳನ್ನು ಎದುರಿಗೆ ಕೂರಿಸಿಕೊಂಡರು. "ತಂಗಿ, ಖರೇ ಹೇಳು," ಎಂದರು. "ಯಾಕ ತಡದೀ ನೀ?"

ಅವಳು ನನ್ನ ಮುಖ ನೋಡಿದಳು, ಆಮೇಲೆ ನೆಲ ನೋಡಿದಳು. ಕೊಟ್ಟ ಮಾತನ್ನು ಮುರಿದು ಹೇಳಿದಳು. "ಹಿಡಿದದ್ದು ಬಿಡವಲ್ದು ಕಾಕಾ. ನಿಮ್ಮ ದಮ್ಮು ಮುಗಿದ ಮ್ಯಾಲೂ ಬಿಡೂದಿಲ್ಲ. ದಿನಾ ಹಂಗ ಆಗೂದಿಲ್ಲ, ಒಮ್ಮೊಮ್ಮೆ ಅಷ್ಟ. ಆ ಒಮ್ಮೆ ಯಾರ ಪಾಲಿಗೆ ಬರ್ತೈತಿ ಅಂತ ನನಗ ಗೊತ್ತಾಗವಲ್ದು."

ಅಂಗಿಯ ಅಂಚು ಎತ್ತಿ ಪಕ್ಕೆ ತೋರಿಸಿದಳು. ಎದೆಯ ಕೆಳಗೆ ಸುತ್ತಲೂ ನೀಲಿ ಪಟ್ಟಿ. ಎದುರಾಳಿಗಳು ಹಿಡಿದಾಗ ತೊಡುಪು ಎದೆಯನ್ನು ಬಿಗಿಯುತ್ತದೆ. ಆಟಗಾರನ ಕಬಡ್ಡಿ ಕಬಡ್ಡಿ ಎನ್ನುವ ದನಿ ನಿಂತ ಕೂಡಲೇ ಸಡಿಲವಾಗಬೇಕು. ಹೊಸ ತೊಡುಪು ಕೆಲವು ಸಲ ದನಿ ನಿಂತದ್ದನ್ನು ಅರಿಯದೆ, ಉಸಿರು ಹೊರಗೆ ಹೋದಷ್ಟೂ ಬಿಗಿಯಾಗುತ್ತ, ಒಳಗೆಳೆದುಕೊಳ್ಳಲು ಬಿಡುತ್ತಿರಲಿಲ್ಲ. ಇದನ್ನು ನಾನೂ ಕೇಳಿದ್ದು ಆಗಲೇ.

ಕುಳಿತಿದ್ದವರು ಒಬ್ಬರಾದ ಮೇಲೊಬ್ಬರು ತಲೆ ತಗ್ಗಿಸಿದರು. ಕಡೆಗೆ ಕಾಕಾ, "ಇದನ್ನ ಮೊದಲ ಹೇಳಿದ್ರ ನಾವು ಯಾಕ ಬರ್ತಿದ್ವಿ?" ಎಂದರು.

ಅಲ್ಲಿಗೆ ಎಲ್ಲ ಮುಗಿಯಬಹುದಿತ್ತು. ಆದರೆ ಅಷ್ಟರಲ್ಲಿ ಎಲ್ಲರ ಮುಂಗೈಯ ಪಟ್ಟಿಗಳೂ ಒಟ್ಟಿಗೆ ಸದ್ದು ಮಾಡಿದವು. ಜನ ಬಿಸಿಲಿನಲ್ಲಿ ನಿಂತ ಚಿತ್ರಗಳನ್ನು ಕಂಡು ಕಂಪನಿ ಬೆದರಿತ್ತು. ಆಟ ಬಿಡುಗಡೆಯಾಗಿತ್ತು. ಎಲ್ಲ ಸರಿಯಾಗಿದೆ, ಕಾದದ್ದಕ್ಕೆ ವಂದನೆ ಎಂದು ಬರೆದಿತ್ತು. ಈಗಷ್ಟೇ ತಲೆ ತಗ್ಗಿಸಿ ಕುಳಿತಿದ್ದವರು ಎದ್ದು ನಿಂತರು. ಅವಳು ಹೇಳಿದ್ದೆಲ್ಲ ಸುಳ್ಳು ಎಂದು ಯಾರೋ ಅಂದರು. ಪರೀಕ್ಷೆಗೆಂದು ಇಟ್ಟಿದ್ದ ತೊಡುಪನ್ನು ಗೂಟದಿಂದ ಇಳಿಸಿ ಕಾಕಾನ ಕೈಗೆ ಕೊಟ್ಟರು. ಜುಬೇದಾ ಅದರ ತೋಳು ಹಿಡಿದು ಜಗ್ಗಿದಳು.

"ಕಂಪನಿಯವ್ರ ಬಿಟ್ಟಾರಂದ್ರ ಸರಿ ಮಾಡಿರ್ಬೇಕವ್ವಾ," ಎಂದರು ಕಾಕಾ, ಸಿಟ್ಟಿಲ್ಲದೆ. "ಒಂದ ರೇಡ್. ಒಂದ ಆಡ್ತೀನಿ."

ಅವರು ತೊಟ್ಟರು. ದನಿ ಎತ್ತಿದರು. ಎಷ್ಟೋ ತಿಂಗಳ ಮೇಲೆ ಆ ದನಿ ಕೇಳಿ ನನಗೇ ಮೈ ಜುಮ್ಮೆಂದಿತು. ಅದು ಮುದುಕರ ದನಿಯೇ ಆಗಿರಲಿಲ್ಲ. ಅವರು ಎಡಕ್ಕೆ ವಾಲಿದರು, ಕಾಲು ಬೀಸಿದರು, ನಮಗೆ ಕಾಣದ ಯಾರನ್ನೋ ಮುಟ್ಟಿ ಹಿಂದಕ್ಕೆ ಹಾರಿದರು. ಆಗ ಹಿಡಿತ ಬಿತ್ತು. ದನಿ ನಿಂತಿತು. ಕಾಕಾ ನೆಲಕ್ಕೆ ಬಿದ್ದು ಕಾಲು ಬಡಿದರು. ಸುತ್ತಲಿದ್ದವರು ಅದನ್ನು ಆಟವೆಂದು ತಿಳಿದು ಚಪ್ಪಾಳೆ ತಟ್ಟಿದರು, ಜಗ್ಗು ಕಾಕಾ, ಗೆರಿ ಮುಟ್ಟು ಎಂದರು. ಆ ಚಪ್ಪಾಳೆಯ ಸದ್ದು ಇಂದಿಗೂ ನನ್ನ ಕಿವಿಯಿಂದ ಹೋಗಿಲ್ಲ. ಅವರ ಬಾಯಿ ತೆರೆದಿತ್ತು, ಅದರಿಂದ ಏನೂ ಹೊರಡುತ್ತಿರಲಿಲ್ಲ. ಜುಬೇದಾ ಜನರ ಕಾಲುಗಳ ನಡುವೆ ತೂರಿ, ಮೇಜಿನ ದೊಡ್ಡ ಕತ್ತರಿ ತಂದು, ಅವರ ಪಕ್ಕಕ್ಕೆ ಮಂಡಿಯೂರಿ ತೊಡುಪನ್ನು ಸೀಳತೊಡಗಿದಳು. ಅವಳು ಕಾಕಾನನ್ನು ಇರಿಯುತ್ತಿದ್ದಾಳೆಂದು ಭಾವಿಸಿ ಇಬ್ಬರು ಅವಳ ಮೇಲೆ ಬಿದ್ದರು. ನಾನು ಅವರ ಮೇಲೆ ಬಿದ್ದೆ, ಕಚ್ಚಿದೆ, ಪರಚಿದೆ. ಬಟ್ಟೆ ಹರಿದ ಸದ್ದು, ಅದರ ಹಿಂದೆ ಕಾಕಾ ಉಸಿರೆಳೆದುಕೊಂಡ ಸದ್ದು ಕೇಳಿತು. ಅವಳ ಮೇಲೆ ಬಿದ್ದಿದ್ದವರು ಕೈ ಬಿಟ್ಟರು.

ಅವರು ಬದುಕಿದರು. ಪಕ್ಕೆಲುಬು ಮುರಿದು, ಮೊದಲಿನ ದಮ್ಮು ಹೋಯಿತು. ಆದರೆ ಅದೇ ಹೊತ್ತಿನಲ್ಲಿ ಬೇರೆ ಊರುಗಳಲ್ಲಿ, ಬಿಸಿಲಿಗೆ ಬಾಗಿಲು ಮುಚ್ಚಿಕೊಂಡ ಮನೆಗಳಲ್ಲಿ, ಜನ ಒಬ್ಬೊಬ್ಬರೇ ತೊಡುಪು ತೊಟ್ಟು ಆಡುತ್ತಿದ್ದರು. ಅವರ ಪಕ್ಕದಲ್ಲಿ ಕತ್ತರಿ ಹಿಡಿದ ಜುಬೇದಾ ಇರಲಿಲ್ಲ. ಸಂಜೆ ಬಾಗಿಲು ತೆರೆದು ನೋಡಿದವರು ಕಂಡದ್ದನ್ನು ನಾನು ಇಲ್ಲಿ ಬರೆಯುವುದಿಲ್ಲ.

ಕಂಪನಿ ಕ್ಷಮೆ ಕೇಳಿತು, ಆಟದ ಹೆಸರು ಬದಲಿಸಿತು. ಜನ ಒಂದಷ್ಟು ದಿನ ಅತ್ತರು. ಆಮೇಲೆ ಹೊಸ ತಾರೀಖು ಬಂತು, ಮುಂದಕ್ಕೂ ಹೋಯಿತು. ಈಗ ಮತ್ತೆ ಯಾರು ತಡೆಯುತ್ತಿದ್ದಾರೆ ಎಂದು ಕೇಳುವುದು ಶುರುವಾಗಿದೆ. ಕೇಳುವವರಲ್ಲಿ ಬಸಲಿಂಗಪ್ಪ ಕಾಕಾ ಕೂಡ ಇದ್ದಾರೆ. ಎರಡು ಮಾತಿಗೊಮ್ಮೆ ಉಸಿರು ನಿಲ್ಲಿಸಿ, ಸಾಯುವುದರೊಳಗೆ ಇನ್ನೊಮ್ಮೆ ಆಡಬೇಕು ಎನ್ನುತ್ತಾರೆ. ಅವರನ್ನು ಬೈಯಲು ನನಗೆ ಬಾಯಿ ಬರುವುದಿಲ್ಲ. ಮತ್ತೆ ನಮ್ಮ ಬಾಗಿಲಿಗೆ ಬರತೊಡಗಿರುವವರಲ್ಲಿ ನಾನು ಅತಿ ಹೆಚ್ಚು ಹೆದರುವುದೂ ಅವರಿಗೇ.

ಈ ದಿನ ಇನ್ನೂ ಕತ್ತಲಿರುವಾಗಲೇ ಜುಬೇದಾ ಮಹಡಿಯಿಂದ ಕೆಳಗೆ ಬಂದು ತಲೆ ಅಲ್ಲಾಡಿಸಿದಳು. ಹಿಡಿತ ಇನ್ನೂ ಪೂರ್ತಿ ಸರಿಯಾಗಿಲ್ಲ. ಮೇಲಿನವರು ನನಗೆ ಹಳೆಯ ವಾಕ್ಯವನ್ನೇ ಕಳಿಸಿದ್ದಾರೆ. ಜುಬೇದಾ ತಾನೇ ಹೊರಗೆ ಹೋಗಿ ಹೇಳುತ್ತೇನೆಂದಳು. ನಾನು ಬೇಡವೆಂದೆ. ಈ ಸಲ ಇದ್ದದ್ದು ಇದ್ದ ಹಾಗೆ ನಾನೇ ಹೇಳುತ್ತೇನೆ. ನಂಬುತ್ತಾರೋ ಇಲ್ಲವೋ ಗೊತ್ತಿಲ್ಲ.

ನಿಮ್ಮಲ್ಲಿ ನನ್ನ ಬೇಡಿಕೆ ಇಷ್ಟೇ. ನಿಮಗೆ ಸಿಟ್ಟು ಬರಲಿ; ಕೊಟ್ಟ ಮಾತಿಗೆ ತಪ್ಪಿದವರ ಮೇಲೆ ಬರಬೇಕಾದದ್ದೇ. ಆದರೆ ಯಾವಾಗ ಎಂದು ಕೇಳುವ ಮೊದಲು ಯಾಕೆ ಎಂದು ಕೇಳಿ. ಉತ್ತರ ಬರುವವರೆಗೂ ಅದನ್ನೇ ಕೇಳಿ. ಯಾರು ಎಂದು ಮಾತ್ರ ಕೇಳಬೇಡಿ, ಕೇಳಿ ಯಾರ ಓಣಿಗೂ ಹೋಗಬೇಡಿ. ನೀವು ಇಂದು ಅಲ್ಲಿ ರೂಢಿ ಮಾಡಿಕೊಂಡದ್ದು ನಡೆಯುತ್ತ ನಡೆಯುತ್ತ ಇಲ್ಲಿಯವರೆಗೂ ಬಂದಿದೆ.

ತಂಪೊತ್ತು ಶುರುವಾಗಿದೆ. ಹೊರಗೆ ಚಪ್ಪಲಿಗಳ ಸದ್ದು ಹೆಚ್ಚುತ್ತಿದೆ, ಮಾತು ಕಡಿಮೆಯಾಗುತ್ತಿದೆ. ಬಾಗಿಲು ತೆರೆಯಲು ಏಳುತ್ತೇನೆ.

ಇಂತಿ,
ಸಂಗವ್ವ ಹಡಗಲಿ