ದೂರದ ಲೆನ್ಸು

ತಮ್ಮಾ,

ನೀನಿದನ್ನು ಓದುವುದಿಲ್ಲವೆಂದು ಗೊತ್ತು. ವಿಳಾಸ ಕೂಡ ಕೊಡದೆ ಹೋದವನಿಗೆ ಎಲ್ಲಿಗೆಂದು ಕಳಿಸಲಿ? ಅವತ್ತಿನ ಮಾತು ಬಿಡು, ಇವತ್ತಿನದು ಕೇಳು.

ನನ್ನ ಕಣ್ಣಿನ ಪೊರೆ ತೆಗೆಸಿದ್ದಾಯಿತು. ಇವತ್ತು ಡಾಕ್ಟರು ಪರೀಕ್ಷೆ ಮಾಡಿ, "ಹಳೆ ಲೆನ್ಸಿನ ಚೀಲ ಒಳಗೇ ಉಳಿಸಿದ್ವಲ್ಲ, ಅದು ಕುಗ್ಗಿ ಹೊಸ ಲೆನ್ಸನ್ನ ಬಿಗಿಯಾಗಿ ಹಿಡ್ಕೊಂಡಿದೆ. ಇನ್ನು ಅಲುಗಾಡಲ್ಲ" ಎಂದರು. ದಿಂಬಿನ ಕವರು ಒಗೆದಾಗ ಕುಗ್ಗಿ ದಿಂಬನ್ನು ಕಚ್ಚಿಕೊಳ್ಳುತ್ತದಲ್ಲ, ಹಾಗಂತೆ.

ಆಪರೇಷನ್ನಿಗೆ ಮುಂಚೆ, ಹತ್ತಿರದ್ದು ಚೆನ್ನಾಗಿ ಕಾಣಬೇಕೋ ದೂರದ್ದೋ ಎಂದು ಕೇಳಿದ್ದರು. ದೂರದ್ದು ಅಂದೆ. ನಿನ್ನ ಭಾವ ಇನ್ನೂ ಗೊಣಗುತ್ತಾರೆ: "ಸೂಜಿ ಹಿಡಿದು ಬದುಕೋಳು, ದೂರದ್ದು ತಗೊಂಡು ಏನು ನಕ್ಷತ್ರ ಎಣಿಸ್ತೀಯಾ?" ಯಾಕೆಂದು ನಾನು ಹೇಳಲಿಲ್ಲ.

ಈಗ ಕನ್ನಡಕವಿಲ್ಲದೆ ಸೂಜಿಗೆ ದಾರ ಪೋಣಿಸಲಾರೆ. ನೀನು ಬಿಟ್ಟುಹೋದ ಹೊಲಿಗೆ ಮಷೀನು ಇನ್ನೂ ಕಿಟಕಿಯ ಪಕ್ಕದಲ್ಲೇ ಇದೆ. ಅದರ ಮುಂದೆ ಕೂತರೆ ಬೀದಿಯ ತಿರುವಿನವರೆಗೂ ನಿಚ್ಚಳವಾಗಿ ಕಾಣುತ್ತದೆ.

ಪೊರೆ ಇದ್ದಾಗ ಆ ತಿರುವಿನಲ್ಲಿ ಯಾರು ಬಂದರೂ, ಮನೆಯ ಹತ್ತಿರ ಬರುವವರೆಗೆ ನೀನೇ ಆಗಿರುತ್ತಿದ್ದೆ. ಈಗ ತಿರುವಿನಲ್ಲೇ ಗೊತ್ತಾಗಿಬಿಡುತ್ತದೆ, ನೀನಲ್ಲವೆಂದು.

ಅಕ್ಕ